ಅಕ್ಷರಕ್ಕೂ ಒಂದು ಮುಳುಗಡೆ

ಮುಳುಗಡೆ ಎಂಬ ಮಾತು ನಮ್ಮ ಕಡೆಯವರಿಗೆ ಹೊಸದಲ್ಲ. 1945ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸ ಶುರುವಾಗಿ, 1953ರ ಹೊತ್ತಿಗೆ ನೀರು ನಿಂತಾಗ ಹತ್ತಾರು ಹಳ್ಳಿಗಳು ಅದರೊಳಗೆ ಹೋದವು. ಅವುಗಳಲ್ಲಿ ನಾರಾಯಣದೇವರಕೆರೆಯೂ ಒಂದು. ಅಲ್ಲಿನ ಜನ ಬಂದು ನೆಲೆ ನಿಂತದ್ದು ನಮ್ಮ ಮರಿಯಮ್ಮನಹಳ್ಳಿಯಲ್ಲಿ. ಬರುವಾಗ ದೇವರನ್ನು ಬಿಟ್ಟು ಬರಲಿಲ್ಲ. ಲಕ್ಷ್ಮೀನಾರಾಯಣಸ್ವಾಮಿ, ಆಂಜನೇಯಸ್ವಾಮಿ ಇಬ್ಬರನ್ನೂ ಜೊತೆಗೇ ಕರೆತಂದರು. ಇವತ್ತಿಗೂ ರಾಮನವಮಿಗೆ ಇಲ್ಲಿ ಎಳೆಯುವ ಜೋಡಿ ತೇರು ಆ ದೇವರುಗಳದೇ. ಹೊತ್ತು ತಂದದ್ದು ಉಳಿಯಿತು, ಬಿಟ್ಟು ಬಂದದ್ದು ನೀರಿನಡಿಯಾಯಿತು.

ಕಂಪ್ಯೂಟರಿನ ವಿಷಯ ಬರೆಯಲು ಕೂತವಳು ಅಣೆಕಟ್ಟಿನ ಕಥೆ ಯಾಕೆ ತೆಗೆದಳು ಎನ್ನಬೇಡಿ. ನನಗೆ ಮೊದಲಿನಿಂದಲೂ ಯಂತ್ರಗಳ ಹುಚ್ಚು. ಹೊಸ ಯಂತ್ರ ಯಾವುದು ಬಂದರೂ ಅದರ ಹೊಟ್ಟೆಯೊಳಗೆ ಏನಿದೆ ಎಂದು ಬಗೆದು ನೋಡುವ ಚಾಳಿ. ಆದರೆ ಇಷ್ಟು ವರ್ಷ ನೋಡಿದ ಮೇಲೆ, ಯಂತ್ರ ಎಷ್ಟು ವೇಗದ್ದು, ಎಷ್ಟು ಬೆಲೆಯದು ಎಂಬ ಪ್ರಶ್ನೆಗಳಿಗಿಂತ ಬೇರೆಯದೇ ಒಂದು ಪ್ರಶ್ನೆ ನನಗೆ ದೊಡ್ಡದಾಗಿ ಕಾಣುತ್ತದೆ. ನಾವು ಅದರೊಳಗೆ ಇಟ್ಟದ್ದು ನಮ್ಮ ಮೊಮ್ಮಕ್ಕಳ ಕೈಗೆ ಸಿಗುತ್ತದೆಯೇ? ಈ ಪ್ರಶ್ನೆ ಹೆಂಗಸರಾದ ನಮಗೆ ಹೆಚ್ಚು ಸಂಬಂಧಪಟ್ಟದ್ದು ಎಂದೇ ನನ್ನ ಅಭಿಪ್ರಾಯ.

ಯಾಕೆಂದರೆ ಕಲ್ಲಿನಲ್ಲಿ ನಮಗೆ ಜಾಗ ಕಡಿಮೆ. ಹಂಪಿಗೆ ಹೋದರೆ ಶಾಸನಗಳಿಗೆ ಬರವಿಲ್ಲ. ಐದಾರು ನೂರು ವರ್ಷ ಬಿಸಿಲು ಮಳೆ ತಿಂದರೂ ಓದಲು ಬರುತ್ತವೆ. ಆದರೆ ಅವುಗಳಲ್ಲಿ ಇರುವುದು ಭೂಮಿ ಕೊಟ್ಟದ್ದು, ದೇವಸ್ಥಾನ ಕಟ್ಟಿಸಿದ್ದು, ಅರಸರ ಬಿರುದು ಬಾವಲಿ. ಬೀಸುವ ಹಾಡು, ಸೋಬಾನೆ, ಬಾಣಂತಿಗೆ ಕೊಡುವ ಕಷಾಯದ ಅಳತೆ, ಇವನ್ನು ಯಾರು ತಾನೇ ಕಲ್ಲಿನಲ್ಲಿ ಕೆತ್ತಿಸುತ್ತಾರೆ? ಅವು ಬಾಯಿಂದ ಬಾಯಿಗೆ ಬಂದವು. ಬಾಯಿ ನಿಂತಲ್ಲಿ ತಾವೂ ನಿಂತವು. ಅಗ್ಗದ ಸಾಧನ ಕೈಗೆ ಬಂದ ಮೇಲೆಯೇ ಅವಕ್ಕೆ ದಾಖಲಾಗುವ ಯೋಗ ಬಂದದ್ದು. ಆದರೆ ಅಗ್ಗದ ಸಾಧನಕ್ಕೆ ಆಯುಸ್ಸು ಕಡಿಮೆ. ತೊಡಕು ಇರುವುದು ಇಲ್ಲಿಯೇ.

ಈ ತೊಡಕು ಹಳೆಯದು. ತಾಳೆಗರಿಗೂ ಹುಳು ಹಿಡಿಯುತ್ತಿತ್ತು. ಅದಕ್ಕೆ ನಮ್ಮ ಹಿರಿಯರು ಕಂಡುಕೊಂಡಿದ್ದ ಮದ್ದು ಒಂದೇ, ಪ್ರತಿ ಮಾಡುವುದು. ಸಾವಿರ ವರ್ಷದ ಹಿಂದೆ ಅತ್ತಿಮಬ್ಬೆ ಪೊನ್ನ ಕವಿಯ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು ಎಂಬುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ರನ್ನ 993ರಲ್ಲಿ ‘ಅಜಿತಪುರಾಣ’ ಬರೆದದ್ದೂ ಅವಳ ಆಶ್ರಯದಲ್ಲೇ. ಅವಳನ್ನು ದಾನಚಿಂತಾಮಣಿ ಎಂದು ಹೊಗಳಿ ಸುಮ್ಮನಾಗಿಬಿಡುತ್ತೇವೆ. ನನಗಂತೂ ಅವಳು ಗ್ರಂಥವೊಂದು ಉಳಿಯುವ ಗುಟ್ಟು ತಿಳಿದಿದ್ದ ಜಾಣೆಯಾಗಿ ಕಾಣುತ್ತಾಳೆ. ಒಂದು ಪ್ರತಿಯನ್ನು ಬಂಗಾರದ ಪೆಟ್ಟಿಗೆಯಲ್ಲಿ ಇಡಿಸಬಹುದಿತ್ತು. ಇಡಿಸಲಿಲ್ಲ. ಸಾವಿರ ಮನೆಗೆ ಹಂಚಿದಳು.

ಆಮೇಲೆ ಅಚ್ಚು ಬಂತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಟದ್ದು 1843ರ ಜುಲೈ 1ರಂದು, ಹೆರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ. ಕೈಬರಹವನ್ನು ಕಲ್ಲಿಗೆ ಇಳಿಸಿ ಅಚ್ಚು ಮಾಡುತ್ತಿದ್ದರು. ಮರುವರ್ಷವೇ ಪತ್ರಿಕೆ ನಮ್ಮ ಬಳ್ಳಾರಿಗೆ ಬಂತು. ಇಲ್ಲಿನ ಮುದ್ರಣಾಲಯದಲ್ಲಿ ಅಚ್ಚುಮೊಳೆ ಇದ್ದವಲ್ಲ, ಅದಕ್ಕೆ. ಹೆಸರೂ ‘ಕನ್ನಡ ಸಮಾಚಾರ’ ಎಂದಾಯಿತು. ಬಿಸಿಲಿಗೆ, ಧೂಳಿಗೆ ಮಾತ್ರ ಹೆಸರಾದ ಊರು ಎಂದು ನಗುವವರಿಗೆ ಈ ಸಂಗತಿ ಹೇಳಬೇಕು.

ಅಚ್ಚುಮೊಳೆಯ ಕಷ್ಟ ಏನೆಂದರೆ, ನಮ್ಮ ಲಿಪಿಯ ಸಂಸಾರ ದೊಡ್ಡದು. ವರ್ಣಮಾಲೆಯ ಅಕ್ಷರ ಐವತ್ತರ ಆಸುಪಾಸು ಇರಬಹುದು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಆಕಾರಗಳು ಸಾವಿರಾರು. ಮೊಳೆ ಜೋಡಿಸುವವರ ಮುಂದೆ ನೂರಾರು ಖಾನೆಗಳ ಪೆಟ್ಟಿಗೆ ಇರುತ್ತಿತ್ತು. ಬೆರಳಚ್ಚು ಯಂತ್ರದಲ್ಲಿ ಅಷ್ಟೊಂದು ಕೀಲಿಗೆ ಜಾಗವೆಲ್ಲಿ? ಅಕ್ಷರವನ್ನು ತುಂಡು ಮಾಡಿ, ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ ಇಟ್ಟು ಸುಧಾರಿಸಿದರು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಟೈಪಿಂಗ್ ಕ್ಲಾಸಿಗೆ ಹೋಗಿ ಜೂನಿಯರ್, ಸೀನಿಯರ್ ಪಾಸು ಮಾಡಿದ ಅಕ್ಕಂದಿರು ನಮ್ಮಲ್ಲಿ ಎಷ್ಟಿಲ್ಲ? ಬಹಳ ಹೆಣ್ಣುಮಕ್ಕಳಿಗೆ ಮೊದಲ ಸಂಬಳ ತಂದುಕೊಟ್ಟದ್ದು ಆ ಟಕಟಕ ಸದ್ದು.

ಕಂಪ್ಯೂಟರು ಬಂದಾಗ ಅದೇ ತೊಡಕು ಮತ್ತೆ ಎದುರಾಯಿತು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಕೀಲಿಮಣೆಯಲ್ಲಿ ಕನ್ನಡವನ್ನು ಕೂಡಿಸುವುದು ಹೇಗೆ? ಇದಕ್ಕೆ ಸರಳವಾದ ಉತ್ತರ ಕೊಟ್ಟವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ. ಪಿ. ರಾವ್. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದು, ಆಮೇಲೆ ಮುದ್ರಣ ಕ್ಷೇತ್ರದಲ್ಲಿ ದುಡಿದವರು. ಅವರ ಯೋಚನೆ ಇಷ್ಟೇ: ಅಕ್ಷರದ ಆಕಾರವನ್ನು ಒತ್ತಬೇಡಿ, ಉಚ್ಚಾರವನ್ನು ಒತ್ತಿ, ಆಕಾರ ಕೂಡಿಸುವ ಕೆಲಸ ಯಂತ್ರದ್ದು. ಈಗ ‘ಅಮ್ಮ’ ಎಂದು ಬರೆಯಬೇಕು ಅನ್ನಿ. ಎ ಒತ್ತಿದರೆ ಅ, ಎಂ ಒತ್ತಿದರೆ ಮ, ಎಫ್ ಒತ್ತಿದರೆ ಮುಂದಿನದು ಒತ್ತಾಗಲಿ ಎಂಬ ಸೂಚನೆ, ಮತ್ತೊಂದು ಎಂ. ನಾಲ್ಕು ಬಾರಿ ಬೆರಳಾಡಿದರೆ ಅಮ್ಮ ಸಿದ್ಧ. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದು ಹೆಸರಿಟ್ಟು, ದುಡ್ಡು ತೆಗೆದುಕೊಳ್ಳದೆ ಹಂಚಿದರು. ಮುಂದೆ ಸರ್ಕಾರ ಒಪ್ಪಿದ ಕೀಲಿಮಣೆ ಅವರ ವಿನ್ಯಾಸವನ್ನೇ ಸ್ವಲ್ಪ ತಿದ್ದಿದ್ದು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ‘ಬರಹ’ವನ್ನು ಉಚಿತವಾಗಿ ಕೊಟ್ಟರು. ಕನ್ನಡ ಗಣಕ ಪರಿಷತ್ತಿನಿಂದ ‘ನುಡಿ’ ಬಂತು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಪಟ್ಟು ಹಿಡಿದು ಓಡಾಡಿದರು. ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ‘ಕುವೆಂಪು ಕನ್ನಡ ತಂತ್ರಾಂಶ’ ಹೊರಬಂತು.

ಇಷ್ಟೆಲ್ಲ ಇದ್ದೂ ಮುಳುಗಡೆ ಯಾಕಾಯಿತು ಎಂದರೆ, ಅದನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳುವುದೇ ಸುಲಭ. ಕಂಪ್ಯೂಟರು ಅಕ್ಷರವನ್ನು ಅಕ್ಷರವಾಗಿ ಇಟ್ಟುಕೊಳ್ಳುವುದಿಲ್ಲ, ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಹಳೆಯ ಪದ್ಧತಿಯಲ್ಲಿ ಇದ್ದದ್ದು 256 ಡಬ್ಬಿ. ಅರ್ಧದಷ್ಟನ್ನು ಇಂಗ್ಲಿಷು ಮೊದಲೇ ಹಿಡಿದಿತ್ತು. ಕನ್ನಡದ ಅಕ್ಷರವಿನ್ಯಾಸ ಮಾಡಿದವರು ತಮ್ಮ ತಮ್ಮ ಅನುಕೂಲಕ್ಕೆ ತಕ್ಕಂತೆ ಅಕ್ಷರದ ಚೂರುಗಳನ್ನು ಸಿಕ್ಕಿದ ಡಬ್ಬಿಗೆ ತುಂಬಿದರು. ಡಬ್ಬಿಗೆ ಚೀಟಿ ಅಂಟಿಸಲಿಲ್ಲ. ನಮ್ಮ ಮನೆಯಲ್ಲಿ ಮೂರನೆಯ ಡಬ್ಬಿಯಲ್ಲಿ ಸಕ್ಕರೆ, ನಿಮ್ಮ ಮನೆಯಲ್ಲಿ ಅದೇ ಮೂರನೆಯದರಲ್ಲಿ ಉಪ್ಪು. ನನ್ನ ಕಡತ ನಿಮ್ಮ ಕಂಪ್ಯೂಟರಿಗೆ ಬಂದರೆ ಪಾಯಸಕ್ಕೆ ಉಪ್ಪು ಬಿದ್ದಂತೆಯೇ. ತಲೆಯ ಮೇಲೆ ಚುಕ್ಕೆ ಹೊತ್ತ, ಬಾಲ ಬಿಟ್ಟ ಪರದೇಶದ ಅಕ್ಷರಗಳು ಸಾಲಾಗಿ ನಿಂತು ಹಲ್ಲು ಕಿರಿಯುತ್ತಿದ್ದವು.

ಅದರ ಮೇಲೆ ಬೀಗ ಬೇರೆ. ಆಗ ಅಂಗಡಿಯವರು ಕೊಳ್ಳುತ್ತಿದ್ದ ಕೆಲವು ಕನ್ನಡ ತಂತ್ರಾಂಶಗಳ ಜೊತೆ ಹೆಬ್ಬೆರಳಿನ ಗಾತ್ರದ ಒಂದು ಲಾಕ್ ಬರುತ್ತಿತ್ತು. ಅದನ್ನು ಕಂಪ್ಯೂಟರಿನ ಹಿಂದೆ ಚುಚ್ಚಿದರೆ ಮಾತ್ರ ಕನ್ನಡ ಕಾಣುವುದು. ನನಗೆ ಗೊತ್ತಿದ್ದ ಒಂದು ಡಿಟಿಪಿ ಅಂಗಡಿಯಲ್ಲಿ ಆ ಲಾಕ್ ಕೆಟ್ಟಿತು. ಮಾರಿದ ಕಂಪೆನಿ ಹೊಸದು ಕೊಳ್ಳಿ ಎಂದಿತು. ಮದುವೆ ಪತ್ರಿಕೆ, ನಾಟಕದ ಕರಪತ್ರ, ಯಾರೋ ಟೀಚರಮ್ಮ ಟೈಪು ಮಾಡಿಸಿದ್ದ ಕವಿತೆಗಳು, ಎಲ್ಲವೂ ಇದ್ದಲ್ಲೇ ಇದ್ದವು. ಓದಲು ಮಾತ್ರ ಬರಲಿಲ್ಲ. ಬರೆದವರಿಗೇ ತಮ್ಮ ಬರಹದ ಬೀಗದ ಕೈ ಇಲ್ಲವೆಂದರೆ ಹೇಗೆ?

ಈ ಗೋಜಲಿಗೆ ಪರಿಹಾರ ಯೂನಿಕೋಡ್. ಜಗತ್ತಿನ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಕಾಯಂ ಸಂಖ್ಯೆ ಕೊಡುವ ಏರ್ಪಾಡು ಇದು. ಎಲ್ಲರ ಮನೆಯ ಡಬ್ಬಿಗೂ ಒಂದೇ ಚೀಟಿ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನ ತೆಗೆದಿಟ್ಟಿದ್ದರು. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ. ‘ಅಮ್ಮ’ ಎಂಬುದು ಅಲ್ಲಿಯೂ ನಾಲ್ಕೇ ಸಂಖ್ಯೆ: ಅ, ಮ, ಒತ್ತಿನ ಸೂಚನೆ, ಮ. ಆದರೆ ಚೀಟಿ ಬರೆದಿಟ್ಟರೆ ಸಾಲದು, ಓದುವ ಯಂತ್ರ ಬೇಕಲ್ಲ! ವಿಂಡೋಸ್ ಕನ್ನಡವನ್ನು ಕಲಿತದ್ದು 2001ರ ಎಕ್ಸ್‌ಪಿಯಲ್ಲಿ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಕರ್ನಾಟಕ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿದ್ದು 2012ರಲ್ಲಿ. ಅಷ್ಟು ಹೊತ್ತಿಗೆ ಇಪ್ಪತ್ತು ವರ್ಷದ ಕನ್ನಡ ಹಳೆಯ ಡಬ್ಬಿಗಳಲ್ಲಿ ಕೂತಿತ್ತು.

ಹೀಗೆ ಅಕ್ಷರ ಒಂದು ಕಡೆ ಮುಳುಗಿದರೆ, ಅದನ್ನು ಇಟ್ಟ ಪಾತ್ರೆ ಇನ್ನೊಂದು ಕಡೆ ಮುಳುಗಿತು. ಫ್ಲಾಪಿಯನ್ನು ನೆನಪಿಸಿಕೊಳ್ಳಿ. ಅಂಗೈಯಗಲದ ಆ ಚೌಕದಲ್ಲಿ ಹಿಡಿಯುತ್ತಿದ್ದದ್ದು 1.44 ಮೆಗಾಬೈಟು. ಈಗ ಕಿರುಬೆರಳಿನ ಉಗುರಿನಷ್ಟು ದೊಡ್ಡ 32 ಗಿಗಾಬೈಟಿನ ಕಾರ್ಡಿನಲ್ಲಿ ಅಂಥ ಇಪ್ಪತ್ತು ಸಾವಿರಕ್ಕೂ ಹೆಚ್ಚು ಫ್ಲಾಪಿಗಳ ಸರಕು ಹಿಡಿಯುತ್ತದೆ. ಫ್ಲಾಪಿ ಮಾರುವುದನ್ನು ಸೋನಿ ಕಂಪೆನಿ 2011ರಲ್ಲಿ ನಿಲ್ಲಿಸಿತು. ಇಂದು ನಿಮ್ಮ ಕಪಾಟಿನಲ್ಲಿ ಫ್ಲಾಪಿ ಇದ್ದರೂ ಅದನ್ನು ಹಾಕುವ ಯಂತ್ರ ಹುಡುಕಬೇಕು. ಕ್ಯಾಸೆಟ್ಟಿನದೂ ಅದೇ ಗತಿ. ಅದರ ಕಂದು ಬಣ್ಣದ ಪಟ್ಟಿಗೆ ಬಳಿದಿರುವುದು ಕಬ್ಬಿಣದ ಆಕ್ಸೈಡ್. ನಮ್ಮ ಸಂಡೂರಿನ ಅದಿರೂ ಅದೇ ಕಬ್ಬಿಣ, ಅದೇ ಆಮ್ಲಜನಕ. ಒಳಗಿನ ಜೋಡಣೆ ಮಾತ್ರ ಬೇರೆ. ಅದಿರಿನ ಲಾರಿಗಳು ಎಬ್ಬಿಸಿದ ಕೆಂಪು ಧೂಳು ನಮ್ಮ ಕಡೆಯ ಎಷ್ಟು ಕಂಪ್ಯೂಟರುಗಳ ಫ್ಯಾನಿಗೆ ಮೆತ್ತಿಕೊಂಡು ಅವನ್ನು ಬಿಸಿ ಮಾಡಿ ಕೆಡಿಸಿತೋ, ಅದೇ ಕುಲದ ಧೂಳೇ ಕ್ಯಾಸೆಟ್ಟಿನಲ್ಲಿ ಹಾಡು ಹಿಡಿದಿಟ್ಟಿತು. ಶಿಲೀಂಧ್ರ ಕಟ್ಟಿ ಪಟ್ಟಿ ಅಂಟಿಕೊಂಡಿತೋ, ಮುಗಿಯಿತು.

ಇದು ನಮ್ಮ ಊರಿಗೆ ಬರೀ ಮಾತಿನ ನಷ್ಟವಲ್ಲ. ಮರಿಯಮ್ಮನಹಳ್ಳಿ ಎಂದರೆ ರಂಗಕಲಾವಿದೆಯರ ಊರು. ನಾಗರತ್ನಮ್ಮನವರಂಥ ನಟಿಯರು ಊರೂರು ತಿರುಗಿ ಬಣ್ಣ ಹಚ್ಚಿದ ನೆಲ. ಕಂಠದಲ್ಲೇ ಇದ್ದ ರಂಗಗೀತೆಗಳು, ಮಾತುಗಳು, ಒಬ್ಬೊಬ್ಬರ ಧಾಟಿ ಎಷ್ಟು ಉಳಿದವು ಎಂದು ಕೇಳಿಕೊಂಡರೆ ಹೊಟ್ಟೆ ತೊಳಸುತ್ತದೆ. ಮಂಜಮ್ಮ ಜೋಗತಿಯವರೂ ನಮ್ಮ ಊರಿನವರೇ. ಎಲ್ಲಮ್ಮನ ಹಾಡು, ಜೋಗತಿ ನೃತ್ಯವನ್ನು ಹಿರಿಯ ಜೋಗತಿಯರ ಬೆನ್ನು ಹತ್ತಿ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು. 2021ರ ನವೆಂಬರಿನಲ್ಲಿ ದೆಹಲಿಯಲ್ಲಿ ಪದ್ಮಶ್ರೀ ಪಡೆಯುವಾಗ, ಅವರು ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೇ ಫೋನಿನಲ್ಲಿ ನೋಡಿತು. ನಮ್ಮ ಓಣಿಯಲ್ಲಿ ಅದನ್ನು ನೋಡದವರು, ಇನ್ನೊಬ್ಬರಿಗೆ ಕಳಿಸದವರು ಇರಲಿಲ್ಲ.

ಹಿಗ್ಗಬೇಕಾದದ್ದೇ. ಆದರೆ ಕೋಟಿ ಜನ ನೋಡಿದ್ದು ಬೇರೆ, ಉಳಿದದ್ದು ಬೇರೆ. ಫೋನಿಂದ ಫೋನಿಗೆ ಹೋಗುವಾಗ ಚಿತ್ರ ಕುಗ್ಗುತ್ತದೆ, ದನಿ ಸವೆಯುತ್ತದೆ. ಜಾಗ ತುಂಬಿತೆಂದು ಮಕ್ಕಳು ಅಳಿಸುತ್ತಾರೆ. ಅರ್ಧ ನಿಮಿಷದ ಆ ದೃಶ್ಯದ ಹಿಂದೆ ರಾತ್ರಿಯಿಡೀ ಹಾಡುವ ಎಲ್ಲಮ್ಮನ ಕಥೆ ಇದೆ. ಅದಕ್ಕೆ ಅಷ್ಟು ಸುಲಭದಲ್ಲಿ ಫೋನು ಸಾಲದು. ಮಂಜಮ್ಮನವರ ಬದುಕಿನ ಕಥೆಯನ್ನು ಅವರ ಬಾಯಿಂದಲೇ ಕೇಳಿ ಬರೆದು ಪುಸ್ತಕ ಮಾಡಿದರಲ್ಲ, ಅಂಥದ್ದು ನನಗೆ ಹೆಚ್ಚು ಭರವಸೆ ಕೊಡುತ್ತದೆ.

ಹಾಗೆಂದು ಕಂಪ್ಯೂಟರು ಬೇಡ, ಕಾಗದವೇ ಇರಲಿ ಎನ್ನುವವಳು ನಾನಲ್ಲ. ಅತ್ತಿಮಬ್ಬೆಗೆ ಸಾವಿರ ಪ್ರತಿಗೆ ಎಷ್ಟು ಲಿಪಿಕಾರರು, ಎಷ್ಟು ಹೊನ್ನು ಬೇಕಾಯಿತೋ! ನಮಗೆ ಸಾವಿರ ಪ್ರತಿಗೆ ಒಂದು ಗಳಿಗೆ ಸಾಕು. ಬೇಕಾದದ್ದು ಅವಳ ಬುದ್ಧಿ. ನಾರಾಯಣದೇವರಕೆರೆಯವರಿಗೆ ನೀರು ಬರುತ್ತದೆಂದು ಮುಂಚೆ ಹೇಳಿದ್ದರು. ಫ್ಲಾಪಿಗೆ, ಹಳೆಯ ಅಕ್ಷರಕ್ಕೆ, ನಾಳೆ ಮೂಲೆಗೆ ಬೀಳುವ ಫೋನಿಗೆ ಯಾರೂ ಡಂಗುರ ಹೊಡೆಸುವುದಿಲ್ಲ. ಹಳೆಯ ನುಡಿ, ಬರಹದ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಸಲಕರಣೆಗಳು ಉಚಿತವಾಗಿಯೇ ಸಿಗುತ್ತವೆ. ಕ್ಯಾಸೆಟ್ಟನ್ನು ಓಡಿಸುವ ಟೇಪ್‌ರೆಕಾರ್ಡರ್ ಇನ್ನೂ ಇರುವ ಮನೆಯನ್ನು ಹುಡುಕಿ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಒಂದು ಪ್ರತಿ ಮನೆಯ ಕಂಪ್ಯೂಟರಿನಲ್ಲಿ, ಒಂದು ಬೇರೆ ಊರಿನ ನೆಂಟರಲ್ಲಿ, ಒಂದು ಕಾಗದದ ಮೇಲೆ. ಇಷ್ಟಿದ್ದರೆ ಒಂದು ಮುಳುಗಿದರೂ ಇನ್ನೊಂದು ತೇಲುತ್ತದೆ.

ನಮ್ಮ ಓಣಿಯ ಹೆಂಗಸರು ಒಂದು ಶ್ರಾವಣದಲ್ಲಿ ಹೀಗೇ ಕೂತು, ಹಿರಿಯರ ಬಾಯಿಂದ ಸೋಬಾನೆ ಹಾಡುಗಳನ್ನು ಹೇಳಿಸಿ ಬರೆದುಕೊಂಡರು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಯೂನಿಕೋಡಿನಲ್ಲಿ ಟೈಪು ಮಾಡಿದಳು. ಹಾಡಿಗೊಂದರಂತೆ, ಹೇಳಿಕೊಟ್ಟವರ ಹೆಸರನ್ನು ಕೆಳಗೆ ಹಾಕಿದಳು. ‘ನನ್ನ ಹೆಸರು ಯಾಕವ್ವಾ, ಹಾಡು ನಮ್ಮತ್ತೇದು’ ಎಂದರು ಒಬ್ಬ ಅಜ್ಜಿ. ಹಾಗಾದರೆ ಅತ್ತೆಯ ಹೆಸರನ್ನೂ ಹಾಕೋಣ ಎಂದು ಅದನ್ನೂ ಸೇರಿಸಿದಳು.