ಗೇಣಿಗೆ ಸಿಗುವ ತಂತ್ರಾಂಶ

1997ರ ಆಗಸ್ಟ್ 15ರಂದು ದಾವಣಗೆರೆ ಹೊಸ ಜಿಲ್ಲೆಯಾಯಿತು. ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಜಗಳೂರು ತಾಲ್ಲೂಕೂ ಅದಕ್ಕೆ ಸೇರಿದವು. ಇಪ್ಪತ್ತು ವರ್ಷಗಳ ಮೇಲೆ, 2017ರ ಬಜೆಟ್ಟಿನಲ್ಲಿ, ಹೊನ್ನಾಳಿಯಿಂದ ಬೇರ್ಪಡಿಸಿದ ನ್ಯಾಮತಿ ತಾಲ್ಲೂಕು ಘೋಷಣೆಯಾಯಿತು. ಇಂಥ ಬದಲಾವಣೆ ಬಂದಾಗ ಯಾರಿಗೆ ಹೆಚ್ಚು ಕೆಲಸ ಬೀಳುತ್ತದೆಂದು ಯೋಚಿಸಿದ್ದೀರಾ? ಊರಿನ ಮುದ್ರಣಾಲಯಕ್ಕೆ. ಶಾಲೆಯ ಲೆಟರ್‌ಹೆಡ್ಡು, ಸೊಸೈಟಿಯ ರಸೀದಿ ಪುಸ್ತಕ, ಅಂಗಡಿಯ ಬಿಲ್ಲು, ಲಗ್ನಪತ್ರಿಕೆ, ಎಲ್ಲದರಲ್ಲೂ ವಿಳಾಸದ ಒಂದು ಸಾಲು ಬದಲಾಗಬೇಕು.

ಆ ಒಂದು ಸಾಲನ್ನು ಬದಲಾಯಿಸುವ ಸಲಕರಣೆ ಯಾರದು ಎಂಬುದೇ ಈ ಲೇಖನದ ವಿಷಯ. 1997ಕ್ಕೂ 2017ಕ್ಕೂ ನಡುವೆ ಅದರ ಉತ್ತರ ಬದಲಾಗಿಬಿಟ್ಟಿದೆ.

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಸೀಸ, ತವರ, ಆಂಟಿಮನಿಗಳ ಮಿಶ್ರಲೋಹದಿಂದ ಎರಕ ಹೊಯ್ದ ಅಕ್ಷರಗಳನ್ನು ಮುದ್ರಕರು ತೂಕದ ಲೆಕ್ಕದಲ್ಲಿ ಕೊಳ್ಳುತ್ತಿದ್ದರು. ಒತ್ತಕ್ಷರಗಳಿಂದಾಗಿ ಕನ್ನಡಕ್ಕೆ ಇಂಗ್ಲಿಷಿಗಿಂತ ಬಹಳ ಹೆಚ್ಚು ಬಗೆಯ ಮೊಳೆಗಳು ಬೇಕು; ಖರ್ಚೂ ಹೆಚ್ಚು. ಆದರೆ ಒಮ್ಮೆ ಕೊಂಡರೆ ಮುಗಿಯಿತು. ಸವೆದ ಮೊಳೆಗೂ ಲೋಹದ ಬೆಲೆ ಇತ್ತು.

ಅನಂತರ ಬಂತು ಗಣಕದ ಪುಟವಿನ್ಯಾಸ. ಜನ ಅದನ್ನು ಡಿಟಿಪಿ ಎಂದೇ ಕರೆದರು. 1985ರಲ್ಲಿ ಆಲ್ಡಸ್ ಸಂಸ್ಥೆ ಮೆಕಿಂತೋಷ್ ಗಣಕಕ್ಕಾಗಿ ಹೊರತಂದ ಪೇಜ್‌ಮೇಕರ್ ಈ ಕಸುಬಿನ ಮುಖ್ಯ ಸಲಕರಣೆಯಾಯಿತು. 1994ರಲ್ಲಿ ಆಲ್ಡಸ್ ಸಂಸ್ಥೆ ಅಡೋಬಿಯಲ್ಲಿ ವಿಲೀನವಾಯಿತು. ಪೇಜ್‌ಮೇಕರಿನ ಕೊನೆಯ ಪ್ರಮುಖ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಕನ್ನಡಕ್ಕೆ ಅದೊಂದೇ ಸಾಲದು. ಕನ್ನಡ ಅಕ್ಷರಗಳು ಬೇರೆ ಬೇಕು. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್‌ನ ಆಕೃತಿ ಮೊದಲಾದವು ಈ ಕೊರತೆ ತುಂಬಿದವು. ಶ್ರೀಲಿಪಿಯ ಜೊತೆ ಬರುತ್ತಿದ್ದ ಬೆರಳುದ್ದದ ಬೀಗ ಡಿಟಿಪಿ ಮಾಡಿದವರಿಗೆಲ್ಲ ನೆನಪಿದ್ದೀತು. ಅದನ್ನು ಗಣಕದ ಹಿಂಬದಿಗೆ ಚುಚ್ಚದಿದ್ದರೆ ತಂತ್ರಾಂಶ ಕೆಲಸ ಮಾಡದು. ಬೀಗ ಕಳೆದರೆ ಕಷ್ಟ, ನಿಜ. ಆದರೆ ಅದು ಕೈಯಲ್ಲಿರುವವರೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. (ಪೇಜ್‌ಮೇಕರ್, ಫೋಟೋಶಾಪ್‌ಗಳ ಕಳ್ಳಪ್ರತಿಗಳೂ ಧಾರಾಳವಾಗಿ ಓಡಾಡುತ್ತಿದ್ದವು. ಆ ಮಾತನ್ನು ಮುಚ್ಚಿಟ್ಟು ಈ ಇತಿಹಾಸ ಹೇಳುವುದು ಸರಿಯಲ್ಲ.)

ಇಲ್ಲಿ ಕನ್ನಡಕ್ಕೇ ವಿಶೇಷವಾದ ಒಂದು ತೊಡಕನ್ನು ಗಮನಿಸಿ. ಆ ಕಾಲದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತ ಸಂಖ್ಯೆಗಳ ಮೇಲೆ ಕನ್ನಡದ ಚಿತ್ರ ಕೂರಿಸಿದ್ದವು. ಪರದೆಯ ಮೇಲೆ ಕಾಣುವುದು ‘ಹೊನ್ನಾಳಿ’. ಕಡತದ ಒಳಗಿರುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಒಂದು ಸಂಸ್ಥೆಯ ಸಂಕೇತ ಇನ್ನೊಂದಕ್ಕೆ ತಿಳಿಯದು. ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಉಚಿತವಾಗಿ ಸಿಕ್ಕಿತು, ಅದರ ಕೀಲಿಮಣೆಗೆ ಕೆ.ಪಿ. ರಾವ್ ಅವರ ವಿನ್ಯಾಸವೇ ಆಧಾರ. ಆದರೂ ಅದರ ಮೊದಲ ಆವೃತ್ತಿಗಳ ಅಕ್ಷರಗಳು ಇದೇ ಬಗೆಯವು. ಯೂನಿಕೋಡ್‌ನಲ್ಲಿ ಹೀಗಿಲ್ಲ. ಅಲ್ಲಿ ‘ಕ’ ಅಕ್ಷರಕ್ಕೆ 3221 ಎಂಬ ಸಂಖ್ಯೆ ನಿಗದಿಯಾಗಿದೆ; ಯಾವ ಸಂಸ್ಥೆಯ ಅಕ್ಷರ ಬಳಸಿದರೂ ಸಂಖ್ಯೆ ಅದೇ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಪೇಜ್‌ಮೇಕರಿಗೆ ಮಾತ್ರ ಯೂನಿಕೋಡ್ ಕೊನೆಯವರೆಗೂ ತಿಳಿಯಲಿಲ್ಲ.

ಅದರ ಉತ್ತರಾಧಿಕಾರಿ 1999ರ ಇನ್‌ಡಿಸೈನ್. ಒತ್ತು, ದೀರ್ಘ, ಅರ್ಕಾವತ್ತುಗಳನ್ನು ಸ್ವಸ್ಥಾನದಲ್ಲಿ ಕೂರಿಸಿ ಕನ್ನಡದ ಯೂನಿಕೋಡ್ ಪಠ್ಯ ಜೋಡಿಸುವ ಸೌಲಭ್ಯ ಅದರಲ್ಲಿ ಅಧಿಕೃತವಾಗಿ ಬಂದದ್ದು 2012ರಲ್ಲಿ, ಸಿಎಸ್6 ಎಂಬ ಆವೃತ್ತಿಯಲ್ಲಿ. 2013ರ ಮೇ 6ರಂದು ಅಡೋಬಿ ಒಂದು ಘೋಷಣೆ ಮಾಡಿತು: ಇನ್ನು ಮುಂದಿನ ಆವೃತ್ತಿಗಳು ಮಾರಾಟಕ್ಕಿಲ್ಲ, ಚಂದಾ ಕಟ್ಟಿ ಬಳಸಬೇಕು. ಸಿಎಸ್6 ಮಾರಾಟವೂ 2017ರ ಜನವರಿಯಲ್ಲಿ ನಿಂತಿತು. ಕನ್ನಡದ ಮುದ್ರಕರಿಗೆ ಇದರ ಅರ್ಥವೇನು ನೋಡಿ. ಕನ್ನಡವನ್ನು ಕನ್ನಡವಾಗಿ ಗುರುತಿಸಿದ ಮೊದಲ ಆವೃತ್ತಿಯೇ ಕೊಂಡು ಇಟ್ಟುಕೊಳ್ಳಬಹುದಾಗಿದ್ದ ಕೊನೆಯ ಆವೃತ್ತಿಯೂ ಆಯಿತು! ಕಟ್ಟಡದ ನಕ್ಷೆ ಬರೆಯುವವರಿಗೂ ಇದೇ ಗತಿ. ಆಟೋಕ್ಯಾಡ್‌ನ ಹೊಸ ಶಾಶ್ವತ ಪರವಾನಗಿಗಳ ಮಾರಾಟ 2016ರ ಜನವರಿ 31ಕ್ಕೆ ಕೊನೆಯಾಯಿತು.

ಬಾಡಿಗೆ ಪದ್ಧತಿ ಹೊಸದೇನಲ್ಲ. ಐಬಿಎಂ ತನ್ನ ಲೆಕ್ಕದ ಯಂತ್ರಗಳನ್ನು ದಶಕಗಳ ಕಾಲ ಬಾಡಿಗೆಗೆ ಮಾತ್ರ ಕೊಡುತ್ತಿತ್ತು. ಅಮೆರಿಕದ ಸರ್ಕಾರ ನ್ಯಾಯಾಲಯಕ್ಕೆ ಹೋದ ಮೇಲೆ, 1956ರಲ್ಲಿ, ಮಾರಾಟಕ್ಕೂ ಒಪ್ಪಬೇಕಾಯಿತು. ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ ಹೋಲಿಕೆ ಬೇಕೆಂದರೆ ಗೇಣಿ ಇದೆ. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಚನ್ನಗಿರಿ, ಹೊನ್ನಾಳಿಗಳು ಆಗ ಸೇರಿದ್ದ ಶಿವಮೊಗ್ಗ ಜಿಲ್ಲೆಯಲ್ಲೇ. 1974ರ ಭೂ ಸುಧಾರಣೆಯಿಂದ ಉಳುವವನಿಗೆ ಹೊಲ ಸಿಕ್ಕಿತು. ತಂತ್ರಾಂಶದಲ್ಲಿ ನಾವು ಹಿಮ್ಮುಖವಾಗಿ ನಡೆದಿದ್ದೇವೆ. ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಬಲ್ಲೆ; ಹೊಲದ ಒಡೆಯ ವರ್ಷಕ್ಕೊಮ್ಮೆ ಹೊಲವನ್ನು ಸುಧಾರಿಸಿ ಕೊಡುತ್ತಿರಲಿಲ್ಲ, ತಂತ್ರಾಂಶ ಸಂಸ್ಥೆ ಸುಧಾರಿಸುತ್ತದೆ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಅಮೆರಿಕದಲ್ಲಿ ಸಿಎಸ್6ರ ಡಿಸೈನ್ ಸ್ಟಾಂಡರ್ಡ್ ಕಟ್ಟಿನ ಬೆಲೆ 1299 ಡಾಲರು ಇತ್ತು. ವರ್ಷದ ಕರಾರಿನ ಚಂದಾ 2013ರಲ್ಲಿ ತಿಂಗಳಿಗೆ ಸುಮಾರು 50 ಡಾಲರು ಇತ್ತು. ಭಾಗಿಸಿದರೆ 26 ತಿಂಗಳು. ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಕೊಳ್ಳುವ ದೊಡ್ಡ ಜಾಹೀರಾತು ಸಂಸ್ಥೆಗೆ ಚಂದಾ ಹೊರೆಯಲ್ಲ. ಆ ಕಟ್ಟಿನಲ್ಲಿಲ್ಲದ ಎಷ್ಟೋ ತಂತ್ರಾಂಶಗಳೂ ಅದರೊಂದಿಗೆ ಸಿಗುತ್ತವೆ. ಆದರೆ ಒಂದೇ ಆವೃತ್ತಿಯನ್ನು ಹದಿನೈದು ವರ್ಷ ದುಡಿಸಿಕೊಳ್ಳುವ ತಾಲ್ಲೂಕು ಕೇಂದ್ರದ ಅಂಗಡಿಗೆ? 180 ತಿಂಗಳು ಗುಣಿಸು 50, ಅಂದರೆ 9000 ಡಾಲರು. ಏಳುಪಟ್ಟು ಹತ್ತಿರ. ಅಲ್ಲದೆ ಈ ಕಸುಬು ಋತುಮಾನದ್ದು. ಮದುವೆ, ಜಾತ್ರೆ, ಚುನಾವಣೆ ಬಂದಾಗ ಬಿಡುವಿಲ್ಲ. ಆಷಾಢದಲ್ಲಿ ಲಗ್ನಪತ್ರಿಕೆ ಮಾಡಿಸುವವರಿಲ್ಲ. ಜಗಳೂರಿನಂಥ ಬರದ ಸೀಮೆಯಲ್ಲಿ ಮಳೆ ಕೈಕೊಟ್ಟರೆ ಅಂಗಡಿಯ ಗಿರಾಕಿಯೂ ಕಡಿಮೆ. ಚಂದಾಕ್ಕೆ ಆಷಾಢವೂ ಒಂದೇ, ಶ್ರಾವಣವೂ ಒಂದೇ.

ಹಾಗಾದರೆ ಕೊಂಡವರು ನಿಜವಾಗಿ ಒಡೆಯರಾಗಿದ್ದರೇ? ಅದೂ ಅರ್ಧ ಸತ್ಯ. ಸಿ.ಡಿ.ಯಲ್ಲಿ ಮಾರುವ ಸಿದ್ಧ ತಂತ್ರಾಂಶವೂ ಸರಕೇ ಎಂದು ನಮ್ಮ ಸುಪ್ರೀಂ ಕೋರ್ಟ್ 2004ರಲ್ಲಿ ಮಾರಾಟ ತೆರಿಗೆಯ ಮೊಕದ್ದಮೆಯೊಂದರಲ್ಲಿ ಹೇಳಿದೆ. ನ್ಯಾಯವಾಗಿ ಪಡೆದ ತಂತ್ರಾಂಶದ ರಕ್ಷಣಾ ಪ್ರತಿ ಇಟ್ಟುಕೊಳ್ಳಲು ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಅವಕಾಶ ಕೊಡುತ್ತದೆ. ಆದರೂ ಕೈಗೆ ಬಂದದ್ದು ಬಳಸುವ ಪರವಾನಗಿ ಮಾತ್ರ. ಸಿಎಸ್2 ಆವೃತ್ತಿ ಗಣಕದಲ್ಲಿ ಚಾಲೂ ಆಗಲು ಅಡೋಬಿಯ ಸರ್ವರಿನ ಒಪ್ಪಿಗೆ ಬೇಕಿತ್ತು. ಆ ಸರ್ವರನ್ನು 2012ರ ಡಿಸೆಂಬರಿನಲ್ಲಿ ಮುಚ್ಚಿದಾಗ ಹಳೆಯ ಗ್ರಾಹಕರಿಗಾಗಿ ಒಪ್ಪಿಗೆ ಕೇಳದ ಪ್ರತಿಯನ್ನು ಸಂಸ್ಥೆಯೇ ಒದಗಿಸಬೇಕಾಯಿತು. ಪೇಜ್‌ಮೇಕರ್ 7 ಓಡುತ್ತಿದ್ದ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ಸ್ವಂತದ್ದಾದರೇನು, ನಿಲ್ಲುವ ನೆಲವೇ ಜಾರಿದರೆ?

ಚಂದಾದಾರರ ಅಪಾಯ ಬೇರೆ ಬಗೆಯದು. 2019ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷರ ಆದೇಶವೊಂದರ ಕಾರಣ ವೆನೆಜುವೆಲಾದ ಎಲ್ಲ ಖಾತೆಗಳನ್ನು ರದ್ದುಮಾಡುವುದಾಗಿ ಅಡೋಬಿ ತಿಳಿಸಿತು. ಅದೇ ತಿಂಗಳ ಕೊನೆಗೆ ವಿಶೇಷ ಅನುಮತಿ ಸಿಕ್ಕಿ ಸೇವೆ ಮುಂದುವರಿಯಿತು, ಅಷ್ಟೆ. 2022ರಲ್ಲಿ ಪ್ಯಾಂಟೋನ್ ಬಣ್ಣಗಳ ಪಟ್ಟಿಗಳಿಗೆ ಬೇರೆಯೇ ಚಂದಾ ಬಂತು. ಅದನ್ನು ಕಟ್ಟದವರ ಹಳೆಯ ಕಡತಗಳಲ್ಲಿ ಆ ಬಣ್ಣಗಳು ಕಪ್ಪಾಗಿ ಕಂಡವು. ಚಿತ್ರ ಬರೆದವರು ನೀವೇ, ಕಡತವೂ ನಿಮ್ಮ ಗಣಕದಲ್ಲೇ ಇದೆ, ಬಣ್ಣ ಮಾತ್ರ ನಿಮ್ಮದಲ್ಲ.

ನನಗೆ ಹೆಚ್ಚು ಚಿಂತೆ ಹಚ್ಚುವುದು ಈ ಕಡತಗಳ ವಿಷಯವೇ. ಪೇಜ್‌ಮೇಕರ್ ಕಡತ ತೆರೆಯುವ ಸೌಲಭ್ಯ ಇನ್‌ಡಿಸೈನ್‌ನಲ್ಲಿ ಸಿಎಸ್6ರವರೆಗೆ ಮಾತ್ರ ಇತ್ತು. ಚಂದಾದ ಆವೃತ್ತಿಗಳಲ್ಲಿ ಅದು ಇಲ್ಲ. ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಊರಿನ ಇತಿಹಾಸ, ಜಾತ್ರೆಯ ಕರಪತ್ರ, ಇಂಥವು 1990ರ ದಶಕದಿಂದ ಸಿದ್ಧವಾದದ್ದು ಬಹುಪಾಲು ಪೇಜ್‌ಮೇಕರಿನಲ್ಲಿ, ಹಳೆಯ ಸಂಕೇತಗಳಲ್ಲಿ. ತಂತ್ರಾಂಶವನ್ನು ಕೊಂಡಿರಲಿ, ಬಾಡಿಗೆಗೆ ತಂದಿರಲಿ, ಕಡತದ ರೂಪ ಮತ್ತೊಬ್ಬರ ಹತೋಟಿಯಲ್ಲಿದ್ದರೆ ಬರೆದದ್ದೂ ಅವರ ಹತೋಟಿಯಲ್ಲೇ.

ಮೂರನೆಯ ದಾರಿಯೊಂದಿದೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನು ಯೋಜನೆಯಿಂದ ಬೆಳೆದ ಸ್ವತಂತ್ರ ತಂತ್ರಾಂಶ. ಚಿತ್ರರಚನೆಗೆ 2003ರಿಂದ ಇಂಕ್‌ಸ್ಕೇಪ್ ಇದೆ. ಪುಟವಿನ್ಯಾಸದ ಸ್ಕ್ರೈಬಸ್‌ಗೆ ಬಹುಕಾಲ ಕನ್ನಡದ ಒತ್ತಕ್ಷರ ಕೂರಿಸಲು ಬರುತ್ತಿರಲಿಲ್ಲ. 2017ರ ಪ್ರಾಯೋಗಿಕ ಆವೃತ್ತಿಯಲ್ಲಿ ಅದು ಬಂತು, 2024ರ ಜನವರಿಯ 1.6 ಆವೃತ್ತಿಯಿಂದ ಎಲ್ಲರಿಗೂ ಸಿಕ್ಕಿತು. ಇನ್‌ಡಿಸೈನಿನಷ್ಟು ನಯ ಅದಕ್ಕಿಲ್ಲ. ಅದನ್ನು ಕಲಿಸುವವರೂ ಕಡಿಮೆ. ಆದರೆ ಅದಕ್ಕೆ ಬೀಗವೂ ಇಲ್ಲ, ಗೇಣಿಯೂ ಇಲ್ಲ.

ಶಿಕ್ಷಕರು ತಮ್ಮ ಶಾಲೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹಳೆಯ ಸ್ಮರಣ ಸಂಚಿಕೆಯ ಕಡತ ಎಲ್ಲಿದೆ ಎಂದು ಅಚ್ಚು ಮಾಡಿದವರನ್ನು ಕೇಳಿ. ಅದನ್ನು ತೆರೆಯಬಲ್ಲ ಗಣಕ ಇನ್ನೂ ಇದ್ದರೆ ಪಿಡಿಎಫ್ ಮಾಡಿಸಿ ತನ್ನಿ. ಅಡೋಬಿಯೇ 1993ರಲ್ಲಿ ರೂಪಿಸಿದ ಈ ಬಗೆಯ ಕಡತ 2008ರಿಂದ ಅಂತರರಾಷ್ಟ್ರೀಯ ಮುಕ್ತ ಮಾನಕ. ಅದನ್ನು ತೆರೆದು, ಯೂನಿಕೋಡ್‌ನಲ್ಲಿ ನಿಮ್ಮ ಊರಿನ ಹೆಸರು ಟೈಪಿಸಿ ಹುಡುಕಿ. ಕಣ್ಣಿಗೆ ಕಾಣುವ ಹೆಸರನ್ನು ಗಣಕ ಕಂಡುಹಿಡಿಯದಿದ್ದರೆ ಪಠ್ಯ ಬಹುಶಃ ಹಳೆಯ ಸಂಕೇತದ್ದು. ಪರಿವರ್ತಕದ ಮೂಲಕ ಹಾಯಿಸಿ, ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಿಕೊಳ್ಳಬೇಕು. ಆ ಹಳೆಯ ಗಣಕ ಕೆಡುವ ಮೊದಲು.