ಬಿಳಿಯ ಕೊಳ, ಹಸುರು ನೀರು

ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಊರಿಗೆ ಹೆಸರು ಬಂದುದು ಬೆಟ್ಟದಿಂದಲೂ ಅಲ್ಲ, ಬೆಟ್ಟದ ಮೇಲೆ ನಿಂತ ಗೊಮ್ಮಟನಿಂದಲೂ ಅಲ್ಲ, ನೀರಿನಿಂದ. ಬೆಳ್ ಎಂದರೆ ಬಿಳಿಯದು, ಕೊಳ ಎಂದರೆ ಕೊಳವೇ. ಬೆಳ್ಗೊಳ ಬೆಳಗೊಳವಾಯಿತು. ಶಾಸನಗಳಲ್ಲಿ ಇದೇ ಹೆಸರು ಸಂಸ್ಕೃತದ ಉಡುಪು ತೊಟ್ಟು ಧವಳಸರೋವರ, ಶ್ವೇತಸರೋವರ ಎಂದೂ ಕಾಣಿಸಿಕೊಳ್ಳುತ್ತದೆ. ಎರಡು ಬೆಟ್ಟಗಳ ನಡುವಣ ಆ ಕೊಳಕ್ಕೆ ಇಂದಿನ ಮೆಟ್ಟಿಲು, ಸುತ್ತುಗೋಡೆ, ಗೋಪುರಗಳ ಕಟ್ಟಡವನ್ನು ಆರಂಭಿಸಿದವರು ಮೈಸೂರಿನ ಚಿಕ್ಕದೇವರಾಜ ಒಡೆಯರು. ಕೆಲಸ ಮುಗಿಯುವ ಮೊದಲೇ, ೧೭೦೪ರಲ್ಲಿ, ಅವರು ತೀರಿಕೊಂಡರು. ಅವರ ಟಂಕಸಾಲೆಯ ಅಧಿಕಾರಿ ಅಣ್ಣಯ್ಯ ಎಂಬಾತ ಅವರ ಮೊಮ್ಮಗ ಕೃಷ್ಣರಾಜ ಒಡೆಯರ ಕಾಲದಲ್ಲಿ ಅದನ್ನು ಪೂರೈಸಿದನೆಂದು ಅನಂತಕವಿ ತನ್ನ ‘ಗೊಮ್ಮಟೇಶ್ವರ ಚರಿತೆ’ಯಲ್ಲಿ ಹೇಳುತ್ತಾನೆ.

ಹೆಸರು ಬಿಳಿಯ ಕೊಳ. ಆದರೆ ನಾನು ಬೇಸಗೆಯಲ್ಲಿ ಹೋದಾಗಲೆಲ್ಲ ಅದರ ನೀರು ಹಸುರು. ಆ ಹೆಸರನ್ನು ಇಟ್ಟವರು ಕಂಡ ನೀರು ಯಾವುದು? ಅದನ್ನು ಬಿಳಿಯದಾಗಿ ಉಳಿಸಲು ಏನು ಮಾಡುತ್ತಿದ್ದರು? ಈ ಪ್ರಶ್ನೆ ನನ್ನನ್ನು ಕಾಡತೊಡಗಿದುದು ಕಲ್ಯಾಣಿಯ ದಡದಲ್ಲಿ ಅಲ್ಲ, ಹಾಸನದ ನಮ್ಮ ಮನೆಯ ನಡುಮನೆಯಲ್ಲಿ, ಎರಡು ಅಡಿ ಉದ್ದದ ಒಂದು ಗಾಜಿನ ತೊಟ್ಟಿಯ ಮುಂದೆ. ಮಗಳ ಹಟಕ್ಕೆ ತಂದ ಮೀನಿನ ತೊಟ್ಟಿ ಅದು. ತಿಂಗಳೊಳಗೆ ಗಾಜೆಲ್ಲ ಪಾಚಿ ಕಟ್ಟಿ, ಮೀನುಗಳು ಮಂಜಿನಲ್ಲಿ ಓಡಾಡುವ ನೆರಳುಗಳಾದವು.

ನೀರನ್ನು ತಿಳಿಗೊಳಿಸುವ ಚಿಂತೆ ನಮ್ಮವರಿಗೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಅಂತರ್ಜಲವನ್ನು ಕುರಿತ ಅಧ್ಯಾಯದ ಕೊನೆಗೆ ಬಾವಿಗೆ ಹಾಕುವ ಒಂದು ಪುಡಿಯನ್ನೇ ಹೇಳಿದ್ದಾನೆ: ಅಂಜನ, ಕೊನ್ನಾರಿಗೆಡ್ಡೆ, ಲಾವಂಚ, ಒಂದು ಜಾತಿಯ ಹೀರೆ, ನೆಲ್ಲಿಕಾಯಿ, ಇವುಗಳೊಡನೆ ಕತಕ, ಎಂದರೆ ಚಿಲ್ಲದ ಬೀಜ. ಹಳ್ಳಿಗಳಲ್ಲಿ ಮಡಕೆಯ ಒಳಮೈಗೆ ಚಿಲ್ಲದ ಬೀಜವನ್ನು ತೇಯ್ದು ಕೆನ್ನೀರನ್ನು ತಿಳಿ ಮಾಡುತ್ತಿದ್ದುದನ್ನು ಹಿರಿಯರು ಬಲ್ಲರು. ಆದರೆ ಚಿಲ್ಲದ ಬೀಜ ತಳಕ್ಕಿಳಿಸುವುದು ನೀರಿನಲ್ಲಿ ತೇಲುವ ಮಣ್ಣನ್ನು. ಪಾಚಿ ಮಣ್ಣಲ್ಲ, ಬೆಳೆ. ಇಂದು ತೆಗೆದರೆ ನಾಳೆ ಮತ್ತೆ ಬೆಳೆಯುತ್ತದೆ.

ಅದು ಬೆಳೆ ಎಂಬುದು ಯುರೋಪಿನ ಪಂಡಿತರಿಗೂ ಬೇಗ ತಿಳಿಯಲಿಲ್ಲ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ೧೭೭೮ರ ಸುಮಾರಿನಲ್ಲಿ ತನ್ನ ನೀರಿನ ಪಾತ್ರೆಗಳ ಗೋಡೆಗೆ ಹತ್ತಿದ ‘ಹಸುರು ವಸ್ತು’ವಿನಿಂದ ಶುದ್ಧ ವಾಯುವಿನ ಗುಳ್ಳೆಗಳು ಏಳುವುದನ್ನು ಕಂಡು ಬೆರಗಾದ, ಅದು ಸಸ್ಯವೋ ಅಲ್ಲವೋ ಎಂದು ಮೊದಲು ನಿರ್ಧರಿಸಲಾರದೆ ಹೋದ. ಮರುವರ್ಷ ಇಂಗೆನ್‌ಹೌಸ್ ಎಂಬ ಡಚ್ ವೈದ್ಯ ಸಸ್ಯದ ಹಸುರು ಭಾಗ ಬಿಸಿಲಿನಲ್ಲಿ ಮಾತ್ರ ಈ ವಾಯುವನ್ನು ಬಿಡುತ್ತದೆಂದು ತೋರಿಸಿದ. ಅಂದರೆ ಪಾಚಿಯ ಮೊದಲ ಆಹಾರ ಬೆಳಕು.

ಇದನ್ನು ಓದಿದಾಗ ಹೊಳೆನರಸೀಪುರದ ನಮ್ಮ ಅಜ್ಜಿಯ ಮನೆಯ ಹಿತ್ತಲು ನೆನಪಾಯಿತು. ಅಲ್ಲಿ ಬಾವಿಯ ನೀರು ವರ್ಷವೆಲ್ಲ ತಿಳಿ. ಬಾವಿಯ ಮಗ್ಗುಲಲ್ಲೇ ಬಿಸಿಲಿನಲ್ಲಿದ್ದ ಕಲ್ಲುಬಾನಿಗೆ ಅದೇ ನೀರನ್ನು ತುಂಬಿದರೆ ವಾರದಲ್ಲಿ ಪಾಚಿ. ಅಜ್ಜಿ ತೆಂಗಿನ ನಾರು ಹಿಡಿದು ಬಾನಿಯನ್ನು ತಿಕ್ಕುವಳು, ಬಾವಿಯನ್ನು ಮುಟ್ಟುವಳಲ್ಲ. ಬಾವಿಯಲ್ಲಿ ಒಂದು ಆಮೆಯೂ ನಾಲ್ಕಾರು ಮೀನುಗಳೂ ಇದ್ದವು. “ಅವು ಕಸ ತಿಂತಾವೆ ಕಣೋ, ಅದಕ್ಕೇ ನೀರು ಚೆಂದಾಗಿರೋದು” ಎನ್ನುತ್ತಿದ್ದಳು. ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧ, ಬಾವಿಯ ಕತ್ತಲೆ. ನಾನೋ ನಮ್ಮ ಗಾಜಿನ ತೊಟ್ಟಿಯನ್ನು ಮೀನು ಚೆನ್ನಾಗಿ ಕಾಣಲೆಂದು ಪೂರ್ವದ ಕಿಟಕಿಯ ಎದುರಿಗೇ ಇಟ್ಟಿದ್ದೆ. ಸಾಲದುದಕ್ಕೆ ರಾತ್ರಿ ಮಲಗುವವರೆಗೆ ಅದರ ಮೇಲೊಂದು ದೀಪ.

ಗಾಜಿನ ತೊಟ್ಟಿಯ ಚರಿತ್ರೆಯೇ ಪಾಚಿಯೊಡನೆ ಹೂಡಿದ ಒಂದು ವ್ಯಾಜ್ಯದಿಂದ ಆರಂಭವಾಗುತ್ತದೆ ಎಂದರೆ ತಪ್ಪಲ್ಲ. ಲಂಡನ್ನಿನ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಶಾಸ್ತ್ರಜ್ಞ ೧೮೪೯ರಲ್ಲಿ ಹನ್ನೆರಡು ಗ್ಯಾಲನ್ನಿನ ಒಂದು ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಇಟ್ಟ. ನಾಡದ ಪಟ್ಟಿಯಂತೆ ಉದ್ದನೆಯ ಎಲೆಯ ಈ ಗಿಡ ನಮ್ಮ ಕೆರೆ ಕಾಲುವೆಗಳಲ್ಲೂ ಉಂಟು. ಮೀನಿಗೆ ಬೇಕಾದ ವಾಯುವನ್ನು ಗಿಡ ಕೊಡುವುದು, ಗಿಡಕ್ಕೆ ಬೇಕಾದುದನ್ನು ಮೀನು ಕೊಡುವುದು. ನೀರು ಬದಲಿಸುವ ಗೊಡವೆಯೇ ಇಲ್ಲವೆಂಬುದು ಅವನ ಲೆಕ್ಕ. ಲೆಕ್ಕ ತಪ್ಪಿತು. ಹಳೆಯ ಎಲೆಗಳು ಕೊಳೆತವು, ನೀರು ಕದಡಿತು, ಪಾತ್ರೆಯ ಮೈಗೆ ಹಸುರು ಲೋಳೆ ಹತ್ತಿತು. ಆಗ ಆತ ಕೊಳದಿಂದ ಕೆಲವು ನೀರುಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತ ಎಲೆಯನ್ನೂ ಲೋಳೆಯನ್ನೂ ಮೇಯ್ದವು. ಅವುಗಳ ಮೊಟ್ಟೆಯನ್ನು ಮೀನು ತಿಂದಿತು. ೧೮೫೦ರಲ್ಲಿ ಆತ ಇದನ್ನು ಲಂಡನ್ನಿನ ರಾಸಾಯನಿಕ ಸಂಘದ ಮುಂದಿಟ್ಟ. ಮೂರು ವರ್ಷಗಳಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯ ಮೀನಿನ ಮನೆಯನ್ನು ತೆರೆಯಿತು. ಊರಿಗೆ ಊರೇ ಅಕ್ವೇರಿಯಂ ಹುಚ್ಚಿಗೆ ಬಿದ್ದಿತು. ಆ ಮೂರನೆಯ ಪ್ರಾಣಿಯನ್ನು ಮಾತ್ರ, ಪಾಪ, ಯಾರೂ ಹೊಗಳಲಿಲ್ಲ.

ನಾನು ಆಗ ವಾರಿಂಗ್‌ಟನ್ನನನ್ನು ಓದಿರಲಿಲ್ಲ. ನನಗೆ ಗೊತ್ತಿದ್ದುದು ಮೈಲುತುತ್ತ. ಹಾಸನದ ಸೀಮೆಯಲ್ಲಿ ಮೈಲುತುತ್ತ ಯಾರಿಗೆ ಗೊತ್ತಿಲ್ಲ? ಫ್ರಾನ್ಸಿನ ಬೋರ್ಡೋ ನಗರದ ಮಿಲಾರ್ಡೆ ೧೮೮೫ರಲ್ಲಿ ಮೈಲುತುತ್ತಕ್ಕೆ ಸುಣ್ಣ ಬೆರೆಸಿ ದ್ರಾಕ್ಷಿಯ ಬೂಷ್ಟನ್ನು ಗೆದ್ದ. ಕೆನಡಾದಿಂದ ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅದೇ ದ್ರಾವಣವನ್ನು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಹೊಡೆಸಿ ತೋಟಗಳನ್ನು ಉಳಿಸಿದ. ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲ್ಲರ್‌ಮನ್ ೧೯೦೪ರಲ್ಲೇ ಊರುಗಳ ಕುಡಿಯುವ ನೀರಿನ ಕಟ್ಟೆಗಳ ಪಾಚಿಗೆ ಮೈಲುತುತ್ತವೇ ಮದ್ದೆಂದು ಪ್ರಕಟಿಸಿದ್ದರು: ಬಹುಪಾಲು ಪಾಚಿಗೆ ಹತ್ತು ಲಕ್ಷ ಪಾಲು ನೀರಿಗೆ ಒಂದು ಪಾಲಿನಷ್ಟೋ ಅದಕ್ಕಿಂತ ಕಡಮೆಯೋ ಸಾಕು. ದೊಡ್ಡ ಜಲಾಶಯಗಳಲ್ಲಿ ಗೋಣಿಚೀಲದಲ್ಲಿ ಹರಳು ತುಂಬಿ ದೋಣಿಯ ಹಿಂದೆ ಎಳೆದಾಡಿದರೆ ಕೆಲಸ ಮುಗಿಯಿತು.

ನಾನು ಚಿಟಿಕೆ ಹರಳನ್ನು ಕರಗಿಸಿ ಸುರಿದೆ. ಹತ್ತು ಲಕ್ಷಕ್ಕೊಂದು ಎಂದರೆ ನಮ್ಮ ಐವತ್ತು ಲೀಟರಿನ ತೊಟ್ಟಿಗೆ ಒಂದು ಗ್ರಾಮಿನ ಇಪ್ಪತ್ತನೆಯ ಒಂದು ಭಾಗ. ಯಾರ ಚಿಟಿಕೆಯೂ ಅಷ್ಟು ಸಣ್ಣದಲ್ಲ. ಮೇಲಾಗಿ ಸುಣ್ಣದ ಅಂಶ ಕಡಮೆಯಿರುವ ಮೆದು ನೀರಿನಲ್ಲಿ ತಾಮ್ರದ ವಿಷ ಇಮ್ಮಡಿಯಾಗಿ ಕೆಲಸ ಮಾಡುತ್ತದೆ; ನಾನು ತುಂಬಿದ್ದುದು ಮಳೆಯ ನೀರು. ಎರಡು ದಿನಗಳಲ್ಲಿ ತೊಟ್ಟಿ ಸ್ಫಟಿಕದಂತಾಯಿತು. ಗಿಡದೊಡನೆ ತಾವಾಗಿಯೇ ಬಂದಿದ್ದ ಬಸವನಹುಳುಗಳು ಮೊದಲು ತಳ ಸೇರಿದವು. ಸತ್ತ ಪಾಚಿ ಕೊಳೆಯುತ್ತ ನೀರಿನ ಆಮ್ಲಜನಕವನ್ನು ಹೀರಿತು. ಮೂರನೆಯ ಬೆಳಿಗ್ಗೆ ಮೀನುಗಳು ತೇಲುತ್ತಿದ್ದವು. “ಅಪ್ಪಾ, ಈಗ ಚೆನ್ನಾಗಿ ಕಾಣತ್ತೆ” ಎಂದಷ್ಟೇ ಹೇಳಿ ಮಗಳು ಶಾಲೆಗೆ ಹೊರಟುಹೋದಳು. ಬೈದಿದ್ದರೆ ವಾಸಿಯಾಗಿತ್ತು.

ಆ ಮೇಲೆ ನಾನು ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋದೆ. ಕಾವೇರಿಯ ವಹ್ನಿಪುಷ್ಕರಿಣಿಯಲ್ಲಿ ದೇವರ ಮೀನುಗಳಿವೆ. ಅವನ್ನು ಯಾರೂ ಹಿಡಿಯುವುದಿಲ್ಲ. ಯಾತ್ರಿಕರು ಪುರಿ ಎರಚುತ್ತಾರೆ, ಮೀನುಗಳು ಮುತ್ತುತ್ತವೆ. ತಿಂದು ಮಿಕ್ಕಿದ್ದನ್ನು ಹೊಳೆ ಒಯ್ಯುತ್ತದೆ. ನಮ್ಮ ತೊಟ್ಟಿಯಲ್ಲಿ ಒಯ್ಯುವ ಹೊಳೆ ಎಲ್ಲಿದೆ? ಮನೆಗೆ ಬಂದವರೆಲ್ಲ ಒಂದೊಂದು ಚಿಟಿಕೆ ಕಾಳು ಹಾಕಿದ್ದರು. ಮೀನು ಬಿಟ್ಟದ್ದು, ಮೀನು ಕಳೆದದ್ದು, ಎರಡೂ ಪಾಚಿಗೆ ಗೊಬ್ಬರ.

ಗೊಬ್ಬರದ ಈ ಸಂಗತಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದುದು ಕೆನಡಾದ ಡೇವಿಡ್ ಷಿಂಡ್ಲರ್. ೧೯೭೩ರಲ್ಲಿ ಆತ ಒಂಟಾರಿಯೊ ಪ್ರಾಂತದ ಒಂದು ಸಣ್ಣ ಸರೋವರದ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದ. ಒಂದಕ್ಕೆ ಇಂಗಾಲ, ಸಾರಜನಕ. ಇನ್ನೊಂದಕ್ಕೆ ಅವೆರಡರ ಜೊತೆಗೆ ರಂಜಕ. ಬೇಸಗೆ ಮುಗಿಯುವ ಹೊತ್ತಿಗೆ ರಂಜಕ ಬಿದ್ದ ಭಾಗ ಹಸುರು ರಾಡಿ, ಇನ್ನೊಂದು ಭಾಗ ಮೊದಲಿನಂತೆಯೇ.

ಇಲ್ಲಿ ನಮ್ಮ ಹಳೆಯ ಕೆರೆಗಳ ಕಡೆಗೆ ತಿರುಗಿ ನೋಡಬೇಕು. ಹೂಳು ತೆಗೆಯುವ ಬಂಡಿಗೆಂದು, ಅದನ್ನು ಎಳೆಯುವ ಕೋಣಗಳಿಗೆಂದು, ಕೆರೆಯನ್ನು ನೋಡಿಕೊಳ್ಳುವವರಿಗೆಂದು ಭೂಮಿ ಬಿಟ್ಟುಕೊಟ್ಟ ಶಾಸನಗಳು ಕನ್ನಡ ನಾಡಿನಲ್ಲಿ ಧಾರಾಳ. ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಗೊಡಗೆ ಎಂಬ ಮಾತುಗಳು ಈ ಏರ್ಪಾಟುಗಳವೇ. ಬೇಸಗೆಯಲ್ಲಿ ಕೆರೆ ಬತ್ತಿದಾಗ ರೈತರು ಗೋಡನ್ನು ಗಾಡಿಗಟ್ಟಲೆ ಗದ್ದೆಗೆ ಹೊಡೆಯುತ್ತಿದ್ದರು. ನೀರು ನಿಲ್ಲಲು ಜಾಗವಾಗಲಿ, ಗದ್ದೆಗೆ ಗೊಬ್ಬರವಾಗಲಿ ಎಂಬುದಷ್ಟೇ ಅವರ ಉದ್ದೇಶ. ರಂಜಕದ ಹೆಸರು ಅವರು ಕೇಳಿರಲಿಲ್ಲ. ಆದರೂ ಪ್ರತಿ ಬೇಸಗೆಯಲ್ಲಿ ಪಾಚಿಯ ಊಟದ ಒಂದಷ್ಟು ಭಾಗ ಆ ಗಾಡಿಗಳಲ್ಲಿ ಹೊರಟುಹೋಗುತ್ತಿತ್ತು. ಹಿರಿಯರಿಗೆ ಎಲ್ಲವೂ ತಿಳಿದಿತ್ತೆಂದು ಹೇಳುವವರ ಗುಂಪಿಗೆ ನಾನು ಸೇರಿದವನಲ್ಲ. ತಿಳಿಯದೆಯೂ ಸರಿಯಾದುದನ್ನು ಮಾಡುತ್ತಿದ್ದರು, ಅಷ್ಟೆ. ಗಾಡಿಗಳು ನಿಂತವು, ಊರಿನ ಚರಂಡಿ, ಸೋಪಿನ ನೀರು, ಗದ್ದೆಯಿಂದ ಕೊಚ್ಚಿಬಂದ ಸರ್ಕಾರಿ ಗೊಬ್ಬರ ಕೆರೆಯತ್ತ ಹರಿದವು. ಒಯ್ಯುವುದು ನಿಂತು ತರುವುದು ಹೆಚ್ಚಿದ ಮೇಲೆ ಕೆರೆ ಹಸುರಾಗದೆ ಇನ್ನೇನಾದೀತು? ಅದಕ್ಕೆ ಮೈಲುತುತ್ತ ಸುರಿದರೆ ನಮ್ಮ ತೊಟ್ಟಿಯ ಕಥೆಯೇ, ದೊಡ್ಡ ಅಳತೆಯಲ್ಲಿ. ಸತ್ತ ಪಾಚಿಯ ರಂಜಕ ಎಲ್ಲಿಗೂ ಹೋಗುವುದಿಲ್ಲ, ತಳದಲ್ಲೇ ಕಾದಿರುತ್ತದೆ.

ಎರಡನೆಯ ಸಲ ತೊಟ್ಟಿಯನ್ನು ತುಂಬಲು ಮಗಳು ಒಪ್ಪಿದುದು ಎಂಟು ತಿಂಗಳ ಮೇಲೆ. ಈಗ ಅದು ಕಿಟಕಿಯಿಂದ ದೂರ, ಉತ್ತರದ ಗೋಡೆಯ ಬಳಿ ಇದೆ. ದೀಪ ಎಂಟು ಗಂಟೆಗಿಂತ ಹೆಚ್ಚು ಉರಿಯುವುದಿಲ್ಲ. ಮೀನು ಕಡಮೆ, ಗಿಡ ಹೆಚ್ಚು. ಪಾಚಿಗೆ ಸಿಗಬೇಕಾದುದನ್ನು ಗಿಡಗಳೇ ಮೊದಲು ಕಿತ್ತುಕೊಳ್ಳುತ್ತವೆ. ಕಾಳಿನ ಡಬ್ಬಿ ಮಗಳ ವಶದಲ್ಲಿದೆ, ನೆಂಟರಿಗೆ ಸಿಗದು. ಭಾನುವಾರ ಕಾಲುಪಾಲು ನೀರನ್ನು ತಳದ ಕಸದೊಡನೆ ಕೊಳವೆಯಿಂದ ಇಳಿಸಿ ಹಿತ್ತಲ ಕರಿಬೇವಿಗೆ ಹಾಕುತ್ತೇವೆ. ಕರಿಬೇವು ಸೊಂಪಾಗಿದೆ. ಹಿಂಬದಿಯ ಗಾಜನ್ನು ಮಾತ್ರ ನಾವು ಉಜ್ಜುವುದಿಲ್ಲ. ಅದು ಬಸವನಹುಳುಗಳ ಗೋಮಾಳವೆಂದು ಮಗಳು ಹೆಸರಿಟ್ಟಿದ್ದಾಳೆ.