ಜುಜೆ, ಜೋಸೆಫ್, ಯೋಸೇಫ

ಖಾನಾಪುರದ ಕಡೆಯ ಕೊಂಕಣಿ ಕ್ಯಾಥೊಲಿಕರ ಮನೆಯಲ್ಲಿ ತಾಯಿಯು ಮಗನನ್ನು ‘ಜುಜೆ’ ಎಂದು ಕೂಗಿದರೆ, ಬೆಳಗಾವಿಯ ಕ್ಯಾಂಪಿನ ಶಾಲೆಯಲ್ಲಿ ಆ ಹುಡುಗನೇ ‘ಜೋಸೆಫ್’ ಆಗುವನು. ಕನ್ನಡ ಬೈಬಲನ್ನೋದುವ ಮನೆಯಲ್ಲಿ ಆ ಹೆಸರು ‘ಯೋಸೇಫ’. ಮುಸಲ್ಮಾನರ ಮನೆಯಲ್ಲಿ ‘ಯೂಸುಫ್’. ಪಟ್ಟಿ ಬರೆಯುವ ಗುಮಾಸ್ತನಿಗೆ ಇವು ನಾಲ್ಕು ಹೆಸರುಗಳು. ಬೇರು ಮಾತ್ರ ಒಂದೇ: ‘ಅವನು ಇನ್ನೂ ಕೂಡಿಸಲಿ’ ಎಂಬರ್ಥದ ಹೀಬ್ರೂ ಪದ. ಅದು ನಾಲ್ಕು ವೇಷಗಳನ್ನು ತೊಟ್ಟುದು ಹೇಗೆಂಬುದನ್ನು ಶ್ರೋತೃಗಳೊಡನೆ ಕೊಂಚ ವಿಚಾರಿಸೋಣ.

ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯ ನಗರದ ಯೆಹೂದ್ಯರು ತಮ್ಮ ಧರ್ಮಗ್ರಂಥವನ್ನು ಗ್ರೀಕಿಗೆ ತಿರುಗಿಸತೊಡಗಿದರು. ಗ್ರೀಕಿನಲ್ಲಿ ಶಕಾರವಿಲ್ಲ. ಆದುದರಿಂದ ‘ಶ್ಲೋಮೋ’ ಎಂಬುದು ಸಕಾರದಿಂದ ಮೊದಲಾಗಿ ಸೊಲೊಮೋನನಾಯಿತು. ‘ಯೇಶೂವ’ ಎಂಬುದು ಪುರುಷನಾಮಕ್ಕೆ ಅವರು ಹಚ್ಚುವ ಸಕಾರವನ್ನೂ ಕಡೆಗೆ ಪಡೆದು ‘ಯೇಸೂಸ್’ ಆಯಿತು. ಲ್ಯಾಟಿನ್ ಭಾಷೆಯು ಗ್ರೀಕಿನಿಂದಲೇ ಈ ಹೆಸರುಗಳನ್ನು ಪಡೆಯಿತು. 4ನೆಯ ಶತಮಾನದ ಕೊನೆಗೆ ಬೆತ್ಲೆಹೇಮಿನಲ್ಲಿ ಕುಳಿತು ನೇರವಾಗಿ ಹೀಬ್ರೂವಿನಿಂದ ಅನುವಾದಿಸಿದ ಜೆರೋಮನೂ ಜನರ ಕಿವಿಗೆ ಒಗ್ಗಿದ ರೂಪಗಳನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟನು. ಮುಂದೆ ಲ್ಯಾಟಿನ್ನಿನ ಮೊದಲ ಯಕಾರವು ಆಡುನಾಲಗೆಯಲ್ಲಿ ಜಕಾರದತ್ತ ಸರಿಯಿತು. ಪೋರ್ತುಗೀಸಿನಲ್ಲಿ ಯೋಸೇಫನ ಫಕಾರವೂ ಉದುರಿತು; ‘ಯೋಹಾನ್ನೇಸ್’ ಎಂಬುದರ ನಕಾರವು ಮೂಗಿನ ದನಿಯಾಗಿ ಕರಗಿತು. ಕೊಂಕಣಿಯ ಜುಜೆ, ಜುವಾಂವ್ ಎಂಬಿವು ಅದರ ಫಲ.

ಪೋರ್ತುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಗೋವೆಯ ಕ್ರೈಸ್ತರೊಡನೆ ಈ ಹೆಸರುಗಳು ಘಟ್ಟವನ್ನೇರಿ ಖಾನಾಪುರಕ್ಕೆ ಬಂದವು. ಇಂಗ್ಲಿಷ್ ರೂಪಗಳಾದರೋ, 1818ರಲ್ಲಿ ಬೆಳಗಾವಿಯ ಕೋಟೆ ಕಂಪನಿಯ ಕೈಸೇರಿದ ಮೇಲೆ ದಂಡಿನೊಡನೆ ಬಂದುವು. 1820ರಲ್ಲಿ ಲಂಡನ್ ಮಿಷನ್ನಿನ ಕೆಲಸವನ್ನು ಅಲ್ಲಿ ಆರಂಭಿಸಿದ ಟೇಲರನ ಹೆಸರೂ ಜೋಸೆಫ್!

ಕನ್ನಡ ರೂಪಗಳ ಕಥೆ ಬೇರೆ. ಬಳ್ಳಾರಿಯಲ್ಲಿ ಬೈಬಲನ್ನು ಕನ್ನಡಿಸಿದವರಲ್ಲಿ ಮುಖ್ಯನಾದ ಹ್ಯಾಂಡ್ಸನ ಸ್ವಂತ ಹೆಸರು ಜಾನ್. ಕನ್ನಡ ಬೈಬಲಿನಲ್ಲಿ ನೆಲೆನಿಂತುದು ಮಾತ್ರ ‘ಯೋಹಾನ’. ನಮಗೆ ಶಕಾರವುಂಟು, ಮೋಶೆ, ಯೆಶಾಯ ಎಂಬಲ್ಲಿ ಅದು ಹೀಬ್ರೂವಿನಂತೆಯೇ ಉಳಿದಿದೆ. ಹೀಗಿದ್ದೂ ‘ಶಾವುಲ’ನು ಸೌಲನಾದನು, ಸೊಲೊಮೋನನು ಗ್ರೀಕನಾಗಿಯೇ ಉಳಿದನು. ಇದು ನಮಗೆ ಸರಿದೋರದು. ಈ ಸೌಲನೆಂಬ ಹೆಸರಿನ ಇನ್ನೊಬ್ಬನೇ ಸಂತ ಪೌಲನು. 1856ರಲ್ಲಿ ಸ್ಥಾಪಿತವಾದ ಬೆಳಗಾವಿಯ ಸೇಂಟ್ ಪಾಲ್ಸ್ ಶಾಲೆಯು ಹೊತ್ತಿರುವುದು ಅವನ ಹೀಬ್ರೂ ಹೆಸರನ್ನಲ್ಲ, ರೋಮನ್ ಹೆಸರನ್ನು.

ಯೂಸುಫನು ಗ್ರೀಸ್ ರೋಮುಗಳನ್ನು ಹಾದುಬರಲಿಲ್ಲ. ಹೀಬ್ರೂವಿನ ಸೋದರಭಾಷೆಯಾದ ಅರಬ್ಬಿಯಲ್ಲಿ ಬಂದನು. ಆದುದರಿಂದಲೇ ಅವನ ಯಕಾರ ಉಳಿಯಿತು. ಹೀಗೆ ಕನ್ನಡ ಕ್ರೈಸ್ತನ ಯೋಸೇಫನು ಖಾನಾಪುರದ ಜುಜೆಗಿಂತ ನೆರೆಯ ಯೂಸುಫನಿಗೇ ದನಿಯಲ್ಲಿ ಹತ್ತಿರದವನು. ಜುಜೆಗಾದರೋ, ಹೊಲದ ಪತ್ರದಲ್ಲಿ ಒಂದು ರೂಪವೂ ಶಾಲೆಯ ಪತ್ರದಲ್ಲಿ ಇನ್ನೊಂದೂ ಇದ್ದಲ್ಲಿ, ಆ ಇಬ್ಬರೂ ತಾನೊಬ್ಬನೇ ಎಂದು ಕಚೇರಿಯಲ್ಲಿ ಪ್ರಮಾಣಮಾಡುವ ಪಾಡು.